ಜೋಳಿಗೆಗೆ ನನ್ನದೇನು ಹಾಕಲಿ

ಕುಡಿಯುವವನ ಹೆಂಡತಿಗೆ ಉಪಾಯ ಹೇಳದವರು ನಮ್ಮ ಇಳಕಲ್ಲಿನಲ್ಲಿ ಯಾರೂ ಇಲ್ಲ. ಹುಲಿಗೆಮ್ಮನಿಗೆ ಹರಕೆ ಹೊರು ಅಂದವರಿದ್ದಾರೆ, ಎಲ್ಲಮ್ಮನ ಗುಡ್ಡಕ್ಕೆ ಕರಕೊಂಡು ಹೋಗು ಅಂದವರಿದ್ದಾರೆ, ತುಳಸಿಗೇರಿ ಹನುಮಪ್ಪನ ಮುಂದೆ ಆಣೆ ಹಾಕಿಸು ಅಂದವರೂ ಇದ್ದಾರೆ. ಒಂದು ವರ್ಷ ಅಯ್ಯಪ್ಪನ ಮಾಲೆ ಹಾಕಿಸಿದೆವು. ವ್ರತದ 41 ದಿನ ನಮ್ಮ ಮನೆಯವರು ಹನಿ ಮುಟ್ಟಲಿಲ್ಲ. ನಸುಕಿನಲ್ಲಿ ತಣ್ಣೀರ ಸ್ನಾನ, ಕಪ್ಪು ಲುಂಗಿ, ಬರಿಗಾಲು, ಸಂಜೆ ಭಜನೆ. ಓಣಿಯವರೆಲ್ಲ ‘ಸ್ವಾಮಿ’ ಎಂದು ಕೈಮುಗಿಯುವಾಗ ನನಗೆ ಕಣ್ಣು ತುಂಬಿ ಬರುತ್ತಿತ್ತು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಅವರು ಬಸ್‌ಸ್ಟ್ಯಾಂಡ್ ಕಡೆ ನಡೆದರು. ಅಲ್ಲಿಂದ ನನ್ನ ಸಿಟ್ಟು ಇನ್ನೂ ಏರಿತು. ದೇವರಿಗಾಗಿ ಬಿಡಲಿಕ್ಕೆ ಬರುತ್ತದೆ, ನನಗಾಗಿ, ಮಕ್ಕಳಿಗಾಗಿ ಬರುವುದಿಲ್ಲ ಅಂದರೆ ಏನರ್ಥ?

ಅವರ ಕುಡಿತದ ಕಥೆ ಅವರದು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಅದರ ಪಕ್ಕದಲ್ಲೇ ನನಗೂ ಒಂದು ರೋಗವಿತ್ತು. ಅದಕ್ಕೆ ಹೆಸರಿಲ್ಲದ್ದರಿಂದ ಯಾರೂ ಅದಕ್ಕೆ ಉಪಾಯ ಹೇಳಿರಲಿಲ್ಲ. ನಾನು ಬರೆಯುತ್ತಿರುವುದು ಅದರ ಬಗ್ಗೆ.

ನಮ್ಮದು ಕುಣಿಮಗ್ಗದ ಮನೆ. ಅವರು ನೇಯುತ್ತಾರೆ, ನಾನು ಕಂಡಿಕೆ, ಅಂದರೆ ನೂಲಿನ ಸಣ್ಣ ಉರುಳೆ, ಸುತ್ತುತ್ತೇನೆ. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆ) ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ತಾಳ್ಮೆಯ ಕೆಲಸ, ನಡುಗುವ ಕೈಗೆ ಒಗ್ಗುವುದಿಲ್ಲ. ಅವರ ಬೆರಳು ನಡುಗುವುದನ್ನು ನಾನು ಮೊದಲು ಕಂಡದ್ದು ಕೊಂಡಿ ಹಾಕುವ ಹೊತ್ತಿನಲ್ಲೇ. ಬೆಳಿಗ್ಗೆ ಎದೆಗೆ ಒಂದಿಷ್ಟು ಬಿದ್ದ ಮೇಲೆ ನಡುಕ ನಿಲ್ಲುತ್ತಿತ್ತು, ಅದನ್ನೂ ಕಂಡೆ. ಸಾವಕಾರರ ಬಟವಡೆ ಬಂದ ದಿನ ಮಾತ್ರ ಮಗ್ಗದ ಸಪ್ಪಳ ಮಧ್ಯಾಹ್ನಕ್ಕೇ ನಿಲ್ಲುತ್ತಿತ್ತು.

2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಬಂದ್ ಆದಾಗ ನಮ್ಮ ಓಣಿಯ ಹೆಂಗಸರು ಸಕ್ಕರೆ ಹಂಚಿದ್ದರು. ಸಾರಾಯಿ ಪಾಕೀಟು ಹೋಗಿ ವಿಸ್ಕಿ ಪಾಕೀಟು ಬಂತು. ಮೊದಲಿಗಿಂತ ಹೆಚ್ಚು ರೊಕ್ಕ ಖರ್ಚಾಗತೊಡಗಿತು, ಅಷ್ಟೇ.

ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಾರಲ್ಲ, ಆ ಕುಣಿಯ ಗೋಡೆಯಲ್ಲಿ ಒಂದು ಇಟ್ಟಂಗಿ ಸಡಿಲಿತ್ತು. ಅದರ ಹಿಂದೆ ಪಾಕೀಟು ಇಡುತ್ತಾರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆದರೂ ಅವರು ಅಡಗಿಸುತ್ತಿದ್ದರು, ನಾನು ಹುಡುಕುತ್ತಿದ್ದೆ. ಅಂಗಿಯ ಕಿಸೆ, ಅಕ್ಕಿ ಡಬ್ಬಿ, ಬಚ್ಚಲಿನ ಹಂಡೆಯ ಹಿಂದುಗಡೆ, ಎಲ್ಲ ಕಡೆ ನನ್ನ ಕೈ ಓಡಾಡುತ್ತಿತ್ತು. ಮನೆಗೆ ಬಂದ ಮನುಷ್ಯನ ಮುಖ ನೋಡುವ ಮೊದಲು ಬಾಯಿಯ ವಾಸನೆ ನೋಡುತ್ತಿದ್ದೆ. ರಾತ್ರಿ ಗೇಟಿನ ಚಿಲಕದ ಸದ್ದು ಎಂಥದೆಂಬುದರ ಮೇಲೆ ಇವತ್ತು ಎಷ್ಟಾಗಿದೆ ಎಂದು ಹೇಳುತ್ತಿದ್ದೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಇಷ್ಟು ಸಾಲದ್ದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೆ. ಮಗನ ಹಳೆಯ ಗಣಿತದ ಪುಸ್ತಕ, ಹಿಂದಿನ ಅರ್ಧ ಖಾಲಿ ಇತ್ತು. ಅದರಲ್ಲಿ ತಾರೀಖು, ಖರ್ಚಾದ ರೊಕ್ಕ, ಬೈದ ಮಾತು, ಮುರಿದ ಸಾಮಾನು ಬರೆಯುತ್ತಿದ್ದೆ. ಒಂದು ದಿನ ಹಿರಿಯರನ್ನು ಕೂಡಿಸಿ ಎಲ್ಲರ ಮುಂದೆ ಓದಿ ಹೇಳಬೇಕೆಂದು ಮನಸ್ಸಿನಲ್ಲಿತ್ತು. ಆ ದಿನ ಬರಲೇ ಇಲ್ಲ. ಪುಟ ಮಾತ್ರ ತುಂಬುತ್ತಾ ಹೋದವು.

ಇಳಕಲ್ ಮಠದ ಮಹಾಂತ ಜೋಳಿಗೆಯ ಬಗ್ಗೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಮಹಾಂತ ಅಪ್ಪಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಲು ಶುರುಮಾಡಿದರು. ಜೋಳ ಬೇಡ, ರೊಕ್ಕ ಬೇಡ, ನಿಮ್ಮ ದುಶ್ಚಟವನ್ನೇ ಭಿಕ್ಷೆ ಹಾಕಿರಿ ಎಂಬುದು ಅವರ ಬೇಡಿಕೆ. ಬೀಡಿ ಕಟ್ಟು, ಗುಟ್ಕಾ, ತಂಬಾಕಿನ ಡಬ್ಬಿ, ಕುಡಿತ, ಎಲ್ಲವೂ ಜೋಳಿಗೆಗೆ ಬೀಳಬೇಕು. ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ಸರ್ಕಾರ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ. ಶಾಲೆಯಲ್ಲಿ ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ, ಅಧಿಕಾರಿಗಳು ಭಾಷಣ ಮಾಡುತ್ತಾರೆ. ಭಾಷಣದಿಂದ ಏನಾಗುತ್ತದೋ ನಾ ಕಾಣೆ, ಆದರೆ ಎದುರಿಗೆ ಒಬ್ಬರು ಜೋಳಿಗೆ ಹಿಡಿದು ನಿಂತಾಗ ಕೈ ತಾನಾಗಿ ಕಿಸೆಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ನೋಡಿದ ಸುತ್ತಲಿನ ಕೆಲವು ಮಠದವರೂ ಅದೇ ದಾರಿ ಹಿಡಿದಿದ್ದಾರೆ.

ನನ್ನ ತವರು ಹುನಗುಂದದ ಕಡೆಯ ಒಂದು ಹಳ್ಳಿ. ಶ್ರಾವಣದಲ್ಲಿ ಅಲ್ಲಿಗೆ ಹೋದಾಗ ಊರ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಜೋಳಿಗೆ ಹಿಡಿದು ಓಣಿಗೆ ಬಂದರು. ನಾನು ಮೊದಲೇ ಗೊತ್ತುಮಾಡಿಕೊಂಡು ಕುಣಿಯ ಇಟ್ಟಂಗಿ ಹಿಂದಿದ್ದ ಪಾಕೀಟನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದೆ. ಗಂಡನ ಪರವಾಗಿ ನಾನೇ ಹಾಕಿಬಿಟ್ಟರೆ ಪುಣ್ಯ ಅವರಿಗೂ ಮುಟ್ಟೀತೆಂದು ನನ್ನ ಲೆಕ್ಕ. ಗಂಡಸರು ಬೀಡಿ, ಗುಟ್ಕಾ ಹಾಕಿ ಕಾಲಿಗೆ ಬಿದ್ದು ಹಿಂದೆ ಸರಿದರು. ನನ್ನ ಸರದಿ ಬಂತು, ಪಾಕೀಟು ಹಾಕಿದೆ. ಅಜ್ಜಾರು ಜೋಳಿಗೆಯೊಳಗೆ ಕೈ ಹಾಕಿ ಅದನ್ನು ಹೊರಗೆ ತೆಗೆದರು.

“ಇದು ಯಾರದವ್ವಾ?”

“ನಮ್ಮ ಮನಿಯವರದರೀ ಅಪ್ಪಾರ.”

“ಹಂಗಾರ ಅವನ ಬಂದು ಹಾಕಬೇಕು. ನಿಂದೇನೈತಿ ಅದನ್ನ ಹಾಕು.”

“ನನಗ ಯಾವ ಚಟಾನೂ ಇಲ್ಲರೀ. ಚಾ ಸೈತ ಕುಡಿಯೂದಿಲ್ಲ.”

ಅಜ್ಜಾರು ನಕ್ಕರು. “ಭಾಳ ಛಲೋ ಆತು. ಆದ್ರೂ ಮನಿಗೆ ಹೋಗಿ ಒಮ್ಮೆ ಹುಡುಕವಾ. ಹುಡುಕೂದ್ರಾಗ ನೀ ಶ್ಯಾಣ್ಯಾಕಿ ಕಾಣ್ತಿ.”

ಪಾಕೀಟನ್ನು ನನ್ನ ಕೈಗೇ ಕೊಟ್ಟು ಮುಂದಿನ ಮನೆಗೆ ನಡೆದರು. ಓಣಿಯ ಹೆಂಗಸರೆಲ್ಲರ ಮುಂದೆ ವಿಸ್ಕಿ ಪಾಕೀಟು ಹಿಡಿದು ನಿಂತೆ. ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಹೊಡೆಸಿಕೊಂಡವಳು ನಾನು, ತಾಳಿ ಅಡವಿಟ್ಟವಳು ನಾನು, ಈಗ ಚಟದವಳೂ ನಾನೇ ಆದೆನಾ? ಅವತ್ತಿನಿಂದ ಎಷ್ಟೋ ದಿನ ಆ ಮಠದ ಕಡೆ ತಲೆ ಹಾಕಲಿಲ್ಲ. ಮಠ, ದೇವರು, ಪುರಾಣ ಎಲ್ಲ ಗಂಡಸರ ಪರವಾಗಿಯೇ ಇವೆ ಎಂದು ಅವ್ವನ ಮುಂದೆ ಜಗಳ ತೆಗೆದೆ.

ಆದರೆ ಆ ಮಾತು ಹೋಗಲಿಲ್ಲ. ‘ನಿಂದೇನೈತಿ.’ ಕಂಡಿಕೆ ಸುತ್ತುವಾಗ ನೆನಪಾಗುತ್ತಿತ್ತು, ರೊಟ್ಟಿ ಬಡಿಯುವಾಗ ನೆನಪಾಗುತ್ತಿತ್ತು. ಒಂದು ರಾತ್ರಿ ಅವರು ಊರಲ್ಲಿರಲಿಲ್ಲ, ಸಾವಕಾರರ ಜೊತೆ ಗುಳೇದಗುಡ್ಡಕ್ಕೆ ಹೋಗಿದ್ದರು. ಮನೆಯಲ್ಲಿ ಕಾಯಲು ಯಾರೂ ಇಲ್ಲ. ಆದರೂ ನಡುರಾತ್ರಿ ಎದ್ದು ಕುಣಿಯೊಳಗೆ ಇಳಿದು ಇಟ್ಟಂಗಿ ತೆಗೆದು ನೋಡಿದೆ. ಬ್ಯಾಟರಿ ಹಿಡಿದು ಆ ತಂಪು ಕುಣಿಯಲ್ಲಿ ಕೂತಾಗ ನನ್ನದೇನಿದೆ ಎಂದು ನನಗೆ ಸ್ವಲ್ಪ ಸ್ವಲ್ಪ ಹೊಳೆಯತೊಡಗಿತು. ಅವರಿಗೆ ಪಾಕೀಟು ಇಲ್ಲದೆ ಆಗುತ್ತಿರಲಿಲ್ಲ. ನನಗೆ ಅವರ ಪಾಕೀಟು ಹುಡುಕದೆ ಆಗುತ್ತಿರಲಿಲ್ಲ.

ನಮ್ಮ ಓಣಿಯ ತುದಿಯಲ್ಲಿ ಒಬ್ಬ ಆಯಿ ಇದ್ದಳು. ಗಂಡ ಸತ್ತು ಯಾವ ಕಾಲವಾಗಿತ್ತೋ, ಅವನೂ ಕುಡಿದೇ ಸತ್ತವನು ಎಂದು ಜನ ಹೇಳುತ್ತಿದ್ದರು. ಅವಳ ಮನೆಗೆ ಕಂಡಿಕೆ ತರಲು ಹೋದಾಗ ಬೆಳಗಿನ ಲಿಂಗಪೂಜೆ ನಡೆದಿರುತ್ತಿತ್ತು. ಬಾಗಿಲಲ್ಲಿ ಕೂತು ಕಾಯುತ್ತಿದ್ದೆ. ಆ ಮುದುಕಿಯ ಮುಖದಲ್ಲಿ ಇರುವುದು ನನಗೆ ಬೇಕೆನಿಸಿತು. ಭಕ್ತಿ ಉಕ್ಕಿ ಬಂದದ್ದಲ್ಲ. ಬರೀ ಹೊಟ್ಟೆಕಿಚ್ಚು.

ನನ್ನ ಕೊರಳಲ್ಲೂ ಲಿಂಗವಿತ್ತು, ಲಗ್ನದ ಮುಂಚೆ ದೀಕ್ಷೆಯೂ ಆಗಿತ್ತು. ಲಿಂಗ ಇಡುವ ಗುಂಡಗಡಿಗೆ ಬೆಳ್ಳಿಯದು, ಅದು ಯಾವುದೋ ವರ್ಷ ಅಡವಿನ ಅಂಗಡಿಗೆ ಹೋಗಿ ತಿರುಗಿ ಬರಲಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಸ್ನಾನವಾದ ಮೇಲೆ ಕಣ್ಣಿಗೆ ಒತ್ತಿಕೊಳ್ಳುವುದು ಬಿಟ್ಟರೆ ಪೂಜೆ ಗೀಜೆ ಏನೂ ಇರಲಿಲ್ಲ. ಆಯಿಗೆ ಕೇಳಿದೆ, “ನನಗೂ ಹೇಳಿಕೊಡಬೇ.” ಅವಳು ಏಕೆ, ಏನು ಎಂದು ಕೇಳಲಿಲ್ಲ. ಒಂದೇ ಕರಾರು ಹಾಕಿದಳು. “ಏನೂ ಬೇಡಬಾರದು. ಗಂಡ ಬಿಡ್ಲಿ, ಮಗ ಓದ್ಲಿ, ಸಾಲ ತೀರ್ಲಿ, ಇಂಥಾವು ಒಂದೂ ಇಲ್ಲ. ಬೇಡೂದಿದ್ರ ಎಲ್ಲಮ್ಮನ ಗುಡ್ಡಕ್ಕ ಹೋಗು. ಇದು ಬೇಡೂ ಪೂಜಿ ಅಲ್ಲ.”

ಕ್ರಮ ಸಾದಾ. ಸ್ನಾನ ಮಾಡಿ ಮೂರು ಬೆರಳಿನಿಂದ ಹಣೆಗೆ ವಿಭೂತಿ. ಲಿಂಗಕ್ಕೆ ನೀರು ಹಾಕಿ ತೊಳೆದು, ಒರೆಸಿ, ವಿಭೂತಿ ಹಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಳ್ಳುವುದು. ಒಂದು ಪತ್ರಿ, ಒಂದು ಹೂವು. ದೀಪವನ್ನು ಒಂದು ಮಗ್ಗುಲಿಗೆ ಇಟ್ಟರೆ ಲಿಂಗದ ಮೇಲಿನ ಕರಿ ಲೇಪದ, ಅಂದರೆ ಕಂತಿಯ, ಮೇಲೆ ಬೆಳಕಿನ ಸಣ್ಣ ಬಿಂದು ಬೀಳುತ್ತದೆ. ಪತ್ರಿ ತೆಗೆದು, ಅಂಗೈಯನ್ನು ಎದೆಗಿಂತ ತುಸು ಮೇಲಕ್ಕೆ ಎತ್ತಿ, ರೆಪ್ಪೆ ಅರ್ಧ ತೆರೆದು ಆ ಬಿಂದುವನ್ನೇ ನೋಡುತ್ತ ಒಳಗೇ ‘ನಮಃ ಶಿವಾಯ’. ಕೊನೆಗೆ ಕರುಣೋದಕ, ಅಂದರೆ ಲಿಂಗದ ತೀರ್ಥ, ತೆಗೆದುಕೊಂಡು ಲಿಂಗವನ್ನು ಮತ್ತೆ ವಸ್ತ್ರದಲ್ಲಿ ಕಟ್ಟುವುದು. ಪೂಜಾರಿ ಬೇಡ, ಗುಡಿ ಬೇಡ, ಮುಟ್ಟು ಮೈಲಿಗೆಯ ತಕರಾರೂ ಇಲ್ಲ. ಹೆಂಗಸಿನ ಕೈಗೆ 12ನೇ ಶತಮಾನದಲ್ಲೇ ಶರಣರು ಇದನ್ನು ಕೊಟ್ಟುಬಿಟ್ಟರು. ಕೊಟ್ಟದ್ದನ್ನು ಬಟ್ಟೆಯಲ್ಲಿ ಕಟ್ಟಿ ಮರೆತು ಕೂತವರು ನಾವು.

ಹೇಳಲು ಸಾದಾ, ಮಾಡಲು ಕೂತಾಗ ಗೊತ್ತಾಯಿತು. ಮೊದಲು ನೋವು ಹತ್ತಿದ್ದು ತೋಳಿಗೆ. ಅಂಗೈ ಕೆಳಗೆ ಕೆಳಗೆ ಇಳಿಯುತ್ತದೆ. ಬಲಗೈಯಿಂದ ಕೆಳಗೆ ಆನಿಕೊಟ್ಟರೆ ತಡೆಯುತ್ತದೆ ಎಂದು ಆಯಿ ತೋರಿಸಿದಳು. ತೋಳು ಸುಮ್ಮನಾದ ಮೇಲೆ ಕಿವಿ ಎದ್ದು ಕೂತಿತು. ಚಿಲಕ ಸಪ್ಪಳವಾಯಿತೇ? ಕುಣಿಯಲ್ಲಿ ಇಟ್ಟಂಗಿ ಸರಿದ ಸದ್ದೇ? ಕಣ್ಣು ಬಿಂದುವಿನ ಮೇಲೆ, ಕಿವಿ ಗಂಡನ ಮೇಲೆ. ಲಿಂಗ ಹಿಡಿದ ಕೈ ನಡುಗತೊಡಗಿತು. ಕೊಂಡಿ ಹಾಕುವಾಗಿನ ಅವರ ಬೆರಳು ನೆನಪಾಯಿತು. ಅವರ ನಡುಕಕ್ಕೆ ಕುಡಿತ ಕಾರಣ, ನಾನು ಏನನ್ನೂ ಕುಡಿದವಳಲ್ಲ!

ಬೇಡಬಾರದು ಎಂಬ ಕರಾರು ಎಲ್ಲಕ್ಕಿಂತ ಕಷ್ಟದ್ದು. ಬಾಯಿ ಮುಚ್ಚಿದರೂ ಮನಸ್ಸು ಬೇಡುತ್ತಲೇ ಇರುತ್ತದೆ. ಒಂದು ಮುಂಜಾನೆ ಸಿಟ್ಟಿಗೆದ್ದು ಲಿಂಗಕ್ಕೇ ಬೈದೆ. ಇಷ್ಟು ವರ್ಷ ಎದೆ ಮೇಲೆ ಹೊತ್ತಿದ್ದೇನೆ, ಏನು ಮಾಡಿದಿ ನನಗೆ? ಆಯಿಗೆ ಹೇಳಿದಾಗ ಅವಳು ಬಾಯಿ ಮೇಲೆ ಸೆರಗು ಇಟ್ಟು ನಕ್ಕಳು. “ಬೈದೇನ? ಹಂಗಾರ ಐತಿ ಅಂತ ನಂಬೀದಿ. ಇಲ್ಲದವರಿಗೆ ಯಾರರೆ ಬೈತಾರ?”

ನಂಬಿಕೆ ಇದ್ದವರು ಶರಣಾಗುತ್ತಾರೆ ಎಂದು ನಾನು ತಿಳಿದಿದ್ದೆ. ನನ್ನ ಪಾಲಿಗೆ ಎಲ್ಲ ಹಿಂದುಮುಂದಾಗಿ ನಡೆಯಿತು. ಮೊದಲು ಸಾಕಾಯಿತು. ಸಾಕಾದ ಮೇಲೆ ಕೈಚೆಲ್ಲಿದೆ. ನಂಬಿಕೆ ಎಷ್ಟೋ ತಿಂಗಳ ಮೇಲೆ, ನಾನು ಕರೆಯದೆಯೇ, ಹಿತ್ತಲ ಬಾಗಿಲಿನಿಂದ ಬಂತು. ಬಂದಾಗ ಬೆಳಕೂ ಕಾಣಲಿಲ್ಲ, ಮೈ ಜುಮ್ಮೆನ್ನಲೂ ಇಲ್ಲ. ಬಂದದ್ದು ನಿದ್ದೆ. ಎಷ್ಟೋ ವರ್ಷಗಳಿಂದ ಕಾಣದ ಗಡದ್ದು ನಿದ್ದೆ.

ಅದು ಹೀಗಾಯಿತು. ಮಳೆಯ ರಾತ್ರಿ, ಅವರು ಬಂದಿರಲಿಲ್ಲ. ಮೊದಲಾದರೆ ಮಗನನ್ನು ಎಬ್ಬಿಸಿ, ಕೊಡೆ ಹಿಡಿದು, ಅಂಗಡಿ ಅಂಗಡಿ ಇಣುಕುತ್ತ ಹೋಗುತ್ತಿದ್ದೆ. ಅವತ್ತೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ತನಕ ಬಂದೆ. ಹೋದರೆ ಏನಾಗುತ್ತದೆಂದು ಪೂರಾ ಗೊತ್ತಿತ್ತು: ಬೈಗುಳ, ಎಳೆದಾಟ, ನೋಡುವವರ ನಗು, ಮನೆಗೆ ಬಂದ ಮೇಲೆ ಇನ್ನೊಂದು ಸುತ್ತು. ಹೋಗದಿದ್ದರೆ ಏನಾಗುತ್ತದೆಂದು ಗೊತ್ತಿರಲಿಲ್ಲ. ಗಟಾರದಲ್ಲಿ ಬಿದ್ದರೆ? ಲಾರಿ ಬಡಿದರೆ? ವಸ್ತ್ರದೊಳಗಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಅಂದೆ, “ಇನ್ನ ನನ್ನ ಕೈಲಿಂದ ಆಗೂದಿಲ್ಲಪಾ. ಅವರು ನಿನ್ನವರೂ ಹೌದಲ್ಲ, ನೀನ ನೋಡಕೋ.” ಅದು ಪ್ರಾರ್ಥನೆಯಂತೂ ಅಲ್ಲ, ರಾಜೀನಾಮೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಲಗಿದೆ. ನಿದ್ದೆ ಹತ್ತೀತೆಂದು ಅಂದುಕೊಂಡಿರಲಿಲ್ಲ. ಹತ್ತಿತು.

ಬೆಳಿಗ್ಗೆ ಎದ್ದಾಗ ಅವರು ಕಟ್ಟೆಯ ಮೇಲೆ ಒದ್ದೆಯಾಗಿ ಕೂತಿದ್ದರು. ನೀರು ಕೊಟ್ಟೆ, ಮಾತು ಕೊಡಲಿಲ್ಲ. ಅವರು ನನ್ನ ಮುಖ ನೋಡಿದರು. ಬೈಗುಳಕ್ಕೆ ಉತ್ತರ ರೆಡಿ ಇಟ್ಟುಕೊಂಡಿದ್ದವರಿಗೆ ಬೈಗುಳವೇ ಬರಲಿಲ್ಲವೆಂದರೆ ಏನು ಮಾಡಬೇಕು? ಅವತ್ತು ಸಂಜೆಯೂ ಕುಡಿದರು. ಪವಾಡವೇನೂ ನಡೆಯಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಈ ಶರಣಾಗತಿಯ ಮಾತನ್ನು ಹೆಂಗಸರ ತಲೆಗೆ ಕಟ್ಟುವವರು ಬಹಳ. ನಾನು ಬಾಗಿದ್ದು ಲಿಂಗಕ್ಕೆ, ಗಂಡನಿಗಲ್ಲ. ಹೊಡೆತ ತಿನ್ನುತ್ತ ಸುಮ್ಮನಿರುವುದನ್ನು ಆಯಿಯೂ ಹೇಳಲಿಲ್ಲ, ಅಜ್ಜಾರೂ ಹೇಳಲಿಲ್ಲ. ಕೈ ಎತ್ತಿದ ದಿನ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ, ಅಲ್ಲೂ ಪೂಜೆ ನಡೆಯಿತು. ಶರಣೆ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಹಾಕಿ ಬಾ ಎಂದು ಖಡಕ್ಕಾಗಿ ಹೇಳಿದವಳು. ಶರಣೆಯೆಂದರೆ ಬಾಯಿ ಇಲ್ಲದವಳಲ್ಲ. ಹೆಂಗಸರಿಗೆ ಸಹಾಯವಾಣಿ 181 ಇದೆ, ಮನೆಯೊಳಗಿನ ಹಿಂಸೆಯ ವಿರುದ್ಧ 2005ರ ಕಾನೂನಿದೆ. ದೇವರ ಮೇಲೆ ಭಾರ ಹಾಕಿದ ಮೇಲೂ ಫೋನ್ ಮಾಡಬಹುದು.

ಆಯಿ ನನಗೆ ನೀಲಾಂಬಿಕೆಯ ಕಥೆ ಹೇಳಿದ್ದು ಆ ತವರಿನ ವಾಸ ಮುಗಿದ ಮೇಲೆ. ಕಲ್ಯಾಣದ ಗದ್ದಲದ ನಂತರ ಬಸವಣ್ಣ ಕೂಡಲಸಂಗಮಕ್ಕೆ ಬಂದು, ಹಡಪದ ಅಪ್ಪಣ್ಣನನ್ನು ಕಳಿಸಿ ನೀಲಾಂಬಿಕೆಯನ್ನು ಕರೆಸಿದರಂತೆ. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಕೇಳಿದಳಂತೆ ಆ ತಾಯಿ. ಹೊರಟು ಬಂದರೂ ಕೃಷ್ಣೆಯ ದಂಡೆಯ ತಂಗಡಗಿಯಲ್ಲೇ ಐಕ್ಯಳಾದಳು ಎಂದು ನಮ್ಮ ಕಡೆ ಹೇಳುತ್ತಾರೆ. ಕರೆದ ಗಂಡನಾದರೋ ಬಸವಣ್ಣ! ಆದರೂ ಅವಳಿಗೆ ತನ್ನ ಒಳಗಿರುವುದೇ ಸಾಕಾಯಿತು. ನನ್ನದು ಎಷ್ಟರ ಬಾಳು, ಬಾರಿನಲ್ಲಿ ಕೂತವನನ್ನು ಹುಡುಕಿಕೊಂಡು ಕೊಡೆ ಹಿಡಿದು ಹೋಗುತ್ತಿದ್ದೆ.

ನಾನೂ ಆಯಿಯೂ ಬಸ್ ಹತ್ತಿ ಕೂಡಲಸಂಗಮಕ್ಕೆ ಹೋದೆವು. ಮಲಪ್ರಭೆ ಬಂದು ಕೃಷ್ಣೆಗೆ ಸೇರುವ ಜಾಗ. ನಾರಾಯಣಪುರದ ಬಸವಸಾಗರದ ಹಿನ್ನೀರು ಅಲ್ಲಿಯ ತನಕ ನಿಲ್ಲುತ್ತದೆ, ಅದಕ್ಕೇ ಐಕ್ಯ ಮಂಟಪದ ಸುತ್ತ ಬಾವಿಯ ಹಾಗೆ ದುಂಡಗೆ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲು ಇಳಿದು ಇಳಿದು ಹೋಗಬೇಕು. ಹೊರಗೆ ನದಿ, ಗೋಡೆಯ ಒಳಗೆ ನದಿಗಿಂತ ಕೆಳಗೆ ನೀವು. ಆಯಿ ಮೊಣಕಾಲು ಹಿಡಿದುಕೊಂಡು ಇಳಿದಳು. ಕೆಳಗೆ ಹೋದ ಮೇಲೆ ನಾನು ನೋಟ್‌ಬುಕ್ಕನ್ನು ಚೀಲದಿಂದ ತೆಗೆದೆ. ಅಲ್ಲಿ ಬಿಟ್ಟು ಬರಬೇಕೆಂದು ತಂದಿದ್ದೆ. ಆಯಿ ಕಣ್ಣು ಕೆಕ್ಕರಿಸಿದಳು. “ಗುಡ್ಯಾಗ ಕಸಾ ಒಗೀತಿಯೇನ? ಜೋಳಿಗಿ ಯಾಕೈತಿ?”

ಹೀಗಾಗಿ ಆ ನೋಟ್‌ಬುಕ್ ಕೊನೆಗೆ ಅಜ್ಜಾರ ಜೋಳಿಗೆಗೇ ಬಿತ್ತು. ಅವರು ತೆರೆದು ನೋಡಲಿಲ್ಲ. “ಸಿಕ್ತೇನವ್ವಾ?” ಎಂದಷ್ಟೇ ಕೇಳಿದರು. ಪುಸ್ತಕ ಹೋಯಿತು, ಲೆಕ್ಕ ತಲೆಯೊಳಗೆ ನಡೆದೇ ಇತ್ತು. ಇವತ್ತಿಗೂ ಒಮ್ಮೊಮ್ಮೆ ನಡೆಯುತ್ತದೆ. ಒಮ್ಮೆ ಹಾಕಿದರೆ ಮುಗಿಯುವ ಭಿಕ್ಷೆಯಲ್ಲ ಇದು, ಬೆಳಗಾದರೆ ಮತ್ತೆ ಹಾಕಬೇಕು. ಬೆಳಗಿನ ಆ ಪೂಜೆಯ ಕೆಲಸ ಅಷ್ಟೇ ಎಂದು ನನಗೆ ಈಗ ಅನಿಸುತ್ತದೆ. ಆದರೆ ಪೊಲೀಸ್ ಕೇಸು, ಕೋರ್ಟು ಎಂದು ಓಡಾಡುವ ಅಕ್ಕಂದಿರು ಹೊಡೆತದ ದಾಖಲೆಯನ್ನು ಜೋಳಿಗೆಗೂ ಹಾಕಬೇಡಿ, ಒಲೆಗೂ ಹಾಕಬೇಡಿ. ನನ್ನ ನೋಟ್‌ಬುಕ್ ನ್ಯಾಯಕ್ಕಾಗಿ ಇರಲಿಲ್ಲ, ಮತ್ತೆ ಮತ್ತೆ ಓದಿಕೊಂಡು ಕುದಿಯಲಿಕ್ಕೆ ಇತ್ತು.

ಅವರಿಗೆ ಜ್ವರ ಬಂದದ್ದು ಇದಾದ ಮುಂದಿನ ಚಳಿಗಾಲದಲ್ಲಿ. ಹಾಸಿಗೆ ಹಿಡಿದದ್ದರಿಂದ ಕುಡಿಯಲಾಗಲಿಲ್ಲ. ಎರಡನೇ ದಿನ ಮೈಯೆಲ್ಲ ನಡುಕ, ಬೆವರು. ಮೂರನೇ ದಿನ ಗೋಡೆಯ ಮೇಲೆ ಹಾವು ಹರಿಯುತ್ತಿವೆ ಎಂದು ಕೂಗಾಡತೊಡಗಿದರು. ಅತ್ತೆ ಗಾಳಿ ಸೋಕಿದೆ ಅಂದರು. ನಾದಿನಿ, ಇದೇ ಹೊತ್ತು ಊಟದಲ್ಲಿ ಕಲಸುವ ಪುಡಿ ತರಿಸೋಣ, ಬಿಡಿಸಿಯೇ ಬಿಡೋಣ ಅಂದಳು. ನಾವು ಗಾಡಿ ಮಾಡಿಕೊಂಡು ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು.

ಡಾಕ್ಟರು ಹೇಳಿದ್ದನ್ನು ಹೇಳಿಬಿಡುತ್ತೇನೆ, ನಮ್ಮಲ್ಲಿ ಇದು ಯಾರಿಗೂ ಗೊತ್ತಿರುವುದಿಲ್ಲ. ದಿನಾಲು ಬಹಳ ಕುಡಿಯುವವನು ಒಮ್ಮೆಲೇ ಬಿಟ್ಟರೆ ಮೈ ತಡೆಯುವುದಿಲ್ಲ. ನಡುಕ, ಫಿಟ್ಸ್, ಎರಡು ಮೂರು ದಿನಕ್ಕೆ ಭ್ರಮೆ, ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ಗುಳಿಗೆ ಇವೆ, ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಅಂದರೆ ಮನೆಯಲ್ಲಿ ಕೂಡಿಹಾಕಿ ಬಿಡಿಸುವುದು ಧೈರ್ಯದ ಕೆಲಸವೇನಲ್ಲ. ಆ ಪುಡಿಯ ಮಾತು ಬಂದಾಗ ಡಾಕ್ಟರು ತಲೆ ಮೇಲೆ ಕೈಹೊತ್ತರು. ಡೈಸಲ್ಫಿರಾಮ್ ಎಂಬ ಔಷಧ ಇರುವುದು ನಿಜ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಎದೆ ಬಡಿತ ಏರಿ, ವಾಂತಿಯಾಗಿ, ಬಿಪಿ ಕುಸಿದು ಸಾಯಲೂಬಹುದು. ತಿಳಿದು ಒಪ್ಪಿದವರಿಗೆ ಮಾತ್ರ, ತಪಾಸಣೆ ಮಾಡಿ ಕೊಡುವ ಔಷಧ ಅದು. ಕದ್ದು ಕಲಸಿ ಹಾಕುವಂಥದ್ದಲ್ಲ.

ವಾರ್ಡಿನ ಹೊರಗೆ ಮನೆಯವರನ್ನೆಲ್ಲ ಕೂಡಿಸಿ ಒಬ್ಬ ಮೇಡಂ ಮಾತಾಡುತ್ತಿದ್ದರು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಕೂಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಗುಂಪು ಶುರುಮಾಡಿದರಂತೆ. ಅದರಲ್ಲಿ 12 ಮೆಟ್ಟಿಲು. ಕುಡಿತದ ಮುಂದೆ ನನ್ನ ಆಟ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳುವುದು ಮೊದಲನೆಯದು. ತಾನು ತಿಳಿದುಕೊಂಡಂಥ ದೇವರಿಗೆ ತನ್ನನ್ನು ಒಪ್ಪಿಸುವುದು ಮೂರನೆಯದು. ಕುಡಿಯುವವರ ಮನೆಯವರಿಗೂ 1951ರಿಂದ ಅಲ್-ಅನಾನ್ ಎಂಬ ಬೇರೆ ಗುಂಪಿದೆ, ಅವರಿಗೂ ಇವೇ ಮೆಟ್ಟಿಲು. ಮೇಡಂ ನನ್ನ ಕಡೆ ತಿರುಗಿ, “ನೀವು ಅವರನ್ನು ಕಾಯೋದು ಬಿಟ್ಟು ನಿಮ್ಮ ಆರೋಗ್ಯ ನೋಡಿಕೊಳ್ಳಿ” ಅಂದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಗಾಬರಿಯಾದರು. ಹುನಗುಂದದ ಕಡೆಯ ಒಬ್ಬ ಅಜ್ಜ ಇದನ್ನೇ ಓಣಿಯಲ್ಲಿ ನಿಂತು ಹೇಳಿ ನನ್ನ ಮಾನ ಕಳೆದಿದ್ದನ್ನು ಅವರಿಗೆ ಹೇಗೆ ಹೇಳಲಿ?

ಆಸ್ಪತ್ರೆಯಲ್ಲಿ ಬಚ್ಚಲಿನ ಪಕ್ಕದ ಮೂಲೆಯಲ್ಲಿ ಪೂಜೆ ಮಾಡಿಕೊಳ್ಳುತ್ತಿದ್ದೆ. ದೀಪ ಹಚ್ಚಲು ಬಿಡುತ್ತಿರಲಿಲ್ಲ, ಟ್ಯೂಬ್‌ಲೈಟಿನ ಬಿಂದುವೇ ಸಾಕಾಯಿತು. ಅವರು ಹಾಸಿಗೆಯಿಂದ ನೋಡುತ್ತಿದ್ದರು. ಒಂದು ದಿನ ಕೇಳಿದರು, “ನನ್ನ ಸಲುವಾಗಿ ಬೇಡಾಕಹತ್ತಿಯೇನ?” ಇಲ್ಲ ಅಂದೆ. ಅವರಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು. ಆಮೇಲೆ ಮಗ್ಗುಲಾಗಿ ಮಲಗಿ, “ಛಲೋ ಆತು ಬಿಡು, ನನಗ ಭಾರ ಆಗತಿತ್ತು” ಅಂದರು. ಈ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ನನ್ನ ಹರಕೆ, ನನ್ನ ಉಪವಾಸ, ನನ್ನ ಕಣ್ಣೀರು ಎಲ್ಲವೂ ಅವರ ಮೇಲೆ ಸಾಲವಾಗಿ ಕೂತಿದ್ದವು. ಆ ಸಾಲಕ್ಕೆ ಹೆದರಿಯೂ ಅವರು ಕುಡಿಯುತ್ತಿದ್ದರೋ ಏನೋ.

ಊರಿಗೆ ಬಂದ ಮೇಲೆ ಒಂದಷ್ಟು ಕಾಲ ಕುಡಿಯಲಿಲ್ಲ. ತಮ್ಮನ ಮಗನ ಲಗ್ನದಲ್ಲಿ ಕುಡಿದರು. ಮತ್ತೆ ಧಾರವಾಡ, ಮತ್ತೆ ಗುಳಿಗೆ. ಆ ಲಗ್ನದ ರಾತ್ರಿ ನಾನು ಹಂದರದಲ್ಲಿ ಕೂತು ಹೋಳಿಗೆ ಊಟ ಮಾಡಿದೆ. ಹಳೆಯ ನಾನಾಗಿದ್ದರೆ ಬೀಗರ ಮುಂದೆಯೇ ಗುಲ್ಲೆಬ್ಬಿಸುತ್ತಿದ್ದೆ. ದುಃಖವಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಹೋಳಿಗೆಯ ರುಚಿಯೂ ಹತ್ತಿತು. ಸದ್ಯ ಅವರು ನೇಯುತ್ತಿದ್ದಾರೆ, ಕೊಂಡಿ ಹಾಕುವಾಗ ಬೆರಳು ಹತೋಟಿಯಲ್ಲಿದೆ. ಕುಣಿಯ ಆ ಇಟ್ಟಂಗಿಯ ಹಿಂದೆ ಏನಿದೆ ಎಂದು ನಾನು ನೋಡಿಲ್ಲ. ನೋಡಬೇಕೆನಿಸುವುದೇ ಇಲ್ಲ ಎಂದಲ್ಲ.

ಆಯಿ ಹೋದ ವರ್ಷ ಲಿಂಗೈಕ್ಯಳಾದಳು. ಈಗ ಓಣಿಯ ಹೆಂಗಸರು ನನ್ನನ್ನು ಕೇಳಲು ಬರುತ್ತಾರೆ. ಮೊನ್ನೆ ಗ್ರಾನೈಟ್ ಪಾಲಿಶ್ ಕೆಲಸದವನ ಹೆಂಡತಿ, ಚಿಕ್ಕ ವಯಸ್ಸಿನವಳು, ಕೂಸು ಎತ್ತಿಕೊಂಡು ಬಂದಿದ್ದಳು. ಪೂಜೆ ಮಾಡಿದರೆ ಗಂಡ ಬಿಡುತ್ತಾನೇನ್ರೀ ಅಂದಳು. ಅದು ಆ ಪೂಜೆಯ ಕೆಲಸ ಅಲ್ಲ ಅಂದೆ. ಧಾರವಾಡಕ್ಕೆ ಯಾವ ಬಸ್ಸಿಗೆ ಹೋಗಬೇಕು, ಆಧಾರ್ ಮತ್ತು ರೇಷನ್ ಕಾರ್ಡ್ ತೆಗೆದುಕೊಂಡು ಹೋಗಬೇಕು, ಮನಸ್ಸಿನ ಸಂಕಟಕ್ಕೆ ಸರ್ಕಾರದ ಟೆಲಿ ಮನಸ್ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಎಲ್ಲ ಹೇಳಿದೆ. ಅಂಗೈ ಹೇಗೆ ಹಿಡಿಯಬೇಕು, ಬಲಗೈ ಹೇಗೆ ಆನಿಕೊಡಬೇಕು ಎಂದೂ ತೋರಿಸಿದೆ.

ಅವಳು ಎಲ್ಲ ಕೇಳಿಸಿಕೊಂಡು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. “ನಿಮ್ಮದು ಭಾಳ ತಡಾ ಆಗತೈತ್ರೀ ಅಕ್ಕಾರ. ನಮ್ಮತ್ತಿ ಯಾರೋ ತಾಯ್ತ ಕಟ್ಟತಾರಂತ ಹೇಳ್ಯಾರ, ಮೊದಲ ಅದನ್ನ ನೋಡತೀನಿ” ಎಂದು ಎದ್ದಳು. ಹೋಗಿ ಬಾರವ್ವ ಅಂದೆ. ಬಾಗಿಲ ತನಕ ಹೋದವಳು ತಿರುಗಿ, ಕಂಡಿಕೆ ಸುತ್ತುವ ಕೆಲಸವೇನಾದರೂ ಸಿಗುತ್ತದೆಯೇ ಎಂದು ಕೇಳಿದಳು. ನಾಳೆಯಿಂದಲೇ ಬಾ ಎಂದು ಹೇಳಿದ್ದೇನೆ.